ಆರುನೂರು ದೋಸೆಯ ವೀಣೆ

ಸಂಬಳ ಏರಿದಾಗಲೆಲ್ಲ ನಾನು ಪೆಚ್ಚಾಗಿದ್ದೇನೆ. ಯುದ್ಧ ಮುಗಿದ ಹೊಸತು. ಚಾಮರಾಜಪೇಟೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ.

ಐದು ರೂಪಾಯಿ

ನಲವತ್ತು ರೂಪಾಯಿ ಸಂಬಳ ನಲವತ್ತೈದಾಯಿತು. ಓಡಿಹೋಗಿ ಹೆಡ್ ಗುಮಾಸ್ತರಿಗೆ ಹೇಳಿದೆ. ಅವರು ಎಲ್ಲವನ್ನೂ ದೋಸೆಯಲ್ಲಿ ಅಳೆಯುವವರು.

"ಹೋದ್ವರ್ಷ ದೋಸೆ ಎರಡಾಣೆ. ನಿನ್ನ ಸಂಬಳ ಮುನ್ನೂರಿಪ್ಪತ್ತು ದೋಸೆ. ಈಗ ಮೂರಾಣೆ, ಇನ್ನೂರ ನಲವತ್ತೇ ದೋಸೆ. ಎಂಬತ್ತು ಎಲ್ಲಿ ಬೀಳಿಸ್ಕೊಂಡ್ಯಯ್ಯಾ?"

ನಾನು ಜೇಬು ಮುಟ್ಟಿ ನೋಡಿಕೊಂಡೆ.

ಕಾಯುವ ವೀಣೆ

ನನ್ನಾಕೆ ಮದುವೆಗೆ ಮುಂಚೆ ವೀಣೆ ಕಲಿತವಳು. ವೀಣೆ ಗುರುಗಳದ್ದು, ಅಲ್ಲೇ ಉಳಿಯಿತು. ಗವಿಪುರದ ನಮ್ಮ ಬಾಡಿಗೆ ಮನೆಯಲ್ಲಿ ಅನ್ನ ಬೇಯುವಷ್ಟು ಹೊತ್ತೂ ಊಟದ ಮಣೆಯ ಅಂಚಿನ ಮೇಲೆ ಅವಳ ಬೆರಳುಗಳು ಓಡುತ್ತಿದ್ದವು. ಒಂದು ಭಾನುವಾರ, ವರ್ಷವರ್ಷದ ಸಂಬಳದ ಏರಿಕೆ ಸೇರಿಸಿ ಉಳಿತಾಯದ ಲೆಕ್ಕ ಹಾಕಿ, "ಮೂರೇ ವರ್ಷ, ವೀಣೆ ಬಂತು!" ಎಂದೆ.

ಅವಳು ಕಾಗದ ನೋಡಿದಳು. "ನಿಮ್ಮ ಸಂಬಳ ಮೆಟ್ಟಿಲು ಹತ್ತುತ್ತೆ ಸರಿ. ವೀಣೆ ಬೆಲೆ ಅಲ್ಲಿವರೆಗೂ ಕೆಳಗೇ ಕಾಯ್ತಾ ನಿಂತಿರುತ್ತಾ?"

ಎರಡು ದಂಡ

ರೋಷ ಬಂತು. ವೀಣೆಯ ಬೆಲೆಯನ್ನೂ ವರ್ಷವರ್ಷ ಏರಿಸಿದೆ. ಸಾಲದೆಂದು, ದೋಸೆ ಬೆಲೆ ಏರಿದ ಹಾಗೆ ನನ್ನ ಉಳಿತಾಯವನ್ನೂ ದೋಸೆ ಲೆಕ್ಕದಲ್ಲಿ ಕಡಿಮೆ ಮಾಡುತ್ತ ಹೋದೆ. ಈಗ ನನ್ನ ಷಷ್ಟಿಪೂರ್ತಿಯಾದರೂ ವೀಣೆ ಬರುವ ಹಾಗೆ ಕಾಣಲಿಲ್ಲ. ಹೆಡ್ ಗುಮಾಸ್ತರು ನೋಡಿ ಹಣೆ ಚಚ್ಚಿಕೊಂಡರು.

"ಬೆಲೆಯೇರಿಕೆಗೆ ಎರಡು ಸಲ ದಂಡ ಕಟ್ಟಿದೀಯಲ್ಲೋ! ರೂಪಾಯಿ ಅಂದ್ರೆ ಎರಡು ಕಡೆನೂ ರೂಪಾಯಿ, ದೋಸೆ ಅಂದ್ರೆ ಎರಡು ಕಡೆನೂ ದೋಸೆ. ವೀಣೆಗೆ ಇವತ್ತಿನ ಬೆಲೇಲಿ ಆರುನೂರು ದೋಸೆ. ತಿಂಗಳಿಗೆ ಹತ್ತು ದೋಸೆ ದುಡ್ಡು ಪೋಸ್ಟಾಫೀಸಿಗೆ ಕಟ್ಟು. ದೋಸೆ ಬೆಲೆ ಏರಿದ್ರೆ ಕಟ್ಟೋದೂ ಏರ್ಲಿ. ಬಡ್ಡಿ ಬೆಲೆಯೇರಿಕೆಗೆ ಸರಿಹೋಯ್ತು ಅಂತಿಟ್ಕೊ. ಐದು ವರ್ಷ."

"ತಿಂಗಳಿಗೆ ಹತ್ತು ದೋಸೆ ಎಲ್ಲಿಂದ ತರ್ಲಿ ಸಾರ್?"

"ತಿನ್ಬೇಡ ಕಣಯ್ಯಾ!"

ಜಟಕಾ

ತಿನ್ನಲಿಲ್ಲ, ನಾನೂ ನನ್ನಾಕೆಯೂ. ಸಂಜೆ ಹೋಟೆಲಿನ ಮುಂದೆ ತುಪ್ಪದ ಘಮ ಬಂದರೆ ಅವಳು ಮೂಗಿಗೆ ಸೆರಗು ಹಿಡಿಯುವಳು, ನಾನು ಎದುರು ಬದಿಯ ಮರ ನೋಡುವೆ. ಐದು ವರ್ಷ ತುಂಬಿದ ಮೇಲೆ ಪೇಟೆಯ ವೀಣೆ ಅಂಗಡಿಗೆ ಹೋದೆವು.

"ನೂರೈವತ್ತು ರೂಪಾಯಿ," ಎಂದರು ಅಂಗಡಿಯವರು. ದೋಸೆಗೆ ಆಗ ನಾಲ್ಕಾಣೆ. ನಾವಿಬ್ಬರೂ ಒಟ್ಟಿಗೇ, "ಆರುನೂರು ದೋಸೆ!" ಎಂದು ಕೂಗಿದೆವು.

"ಹೋಟ್ಲು ಪಕ್ಕದ ಬೀದೀಲಿದೆ ಸ್ವಾಮಿ," ಎಂದರು ಅವರು.

ಆ ಸಂಜೆ ಜಟಕಾದಲ್ಲಿ ಮನೆಗೆ ಬಂದದ್ದು ಇನ್ನೊಂದು ಸಲ ಸಿಕ್ಕರೆ ಸಾಕು ಎಂದು ಈಗಲೂ ಆಸೆಯಾಗುತ್ತದೆ. ಜಟಕಾ ಇಲ್ಲ, ಅವಳೂ ಇಲ್ಲ. ವೀಣೆ ಇಬ್ಬರ ತೊಡೆಯ ಮೇಲೆ ಅಡ್ಡ ಮಲಗಿತ್ತು. ಗಾಡಿ ಕುಲುಕಿದಾಗಲೆಲ್ಲ ಅವಳು ಗಾಡಿಯವನಿಗೆ ಹೇಳುತ್ತಿದ್ದಳು:

"ಮೆಲ್ಲಗೆ ಹೊಡಿಯಪ್ಪಾ, ತೊಡೆ ಮೇಲೆ ಆರುನೂರು ದೋಸೆ ಇದೆ. ಒಂದೂ ತಿಂದಿಲ್ಲ!"