ಎರಡೂ ಕೈ ಬಿಟ್ಟು ಕಾರು ಹೊಡೆದ ಸಾವಕಾರರು

ಇತಿಹಾಸದ ಮಾಸ್ತರ ಅಂತ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ನಿವೃತ್ತಿಯಾದರೂ ಜನ ಬಿಡುವುದಿಲ್ಲ. ಹಾವೇರಿಯ ನಮ್ಮ ಮನೆಗೆ ಒಬ್ಬರು ತುಕ್ಕು ಹಿಡಿದ ಕುಡಗೋಲು ತಂದು ‘ಯಾವ ರಾಜನ ಕಾಲದ್ದು ನೋಡ್ರಿ’ ಅನ್ನುತ್ತಾರೆ. ಇನ್ನೊಬ್ಬರು ಹಿತ್ತಲಲ್ಲಿ ಸಿಕ್ಕ ಒರಳುಕಲ್ಲನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದು ಬಾಗಿಲ ಮುಂದೆ ಇಳಿಸಿ ಹೋದರು. ಆ ಕಲ್ಲು ಇವತ್ತಿಗೂ ಅಲ್ಲೇ ಇದೆ. ಇಂಥವು ನಡೆಯುತ್ತಲೇ ಇರುತ್ತವೆ, ನನಗೂ ರೂಢಿಯಾಗಿದೆ. ಆದರೆ ಕಳೆದ ವರ್ಷ ಮಾವನ ಮನೆಯವರು ಒಂದು ಕಾರನ್ನೇ ತೋರಿಸಿ ಇದರ ಇತಿಹಾಸ ತೆಗೆಯಿರಿ ಅಂದರಲ್ಲ, ಅದರಷ್ಟು ನನ್ನನ್ನು ಯಾವುದೂ ಕುಣಿಸಲಿಲ್ಲ.

೧. ಒಂಟಿ ಎತ್ತು

ಹೆಂಡತಿಯ ತವರು ಬ್ಯಾಡಗಿ. ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರ. ಮದುವೆಯಾದ ಹೊಸದರಲ್ಲಿ ಅವಳು, ‘ನಮ್ಮನ್ಯಾಗ ಇಟಲಿ ದೇಶದ ರೇಸಿನ ಕಾರ ಇದ್ದುವು, ಒಂದಲ್ಲ, ಎರಡು’ ಅಂದಿದ್ದಳು. ತವರಿನ ಸುದ್ದಿಯನ್ನು ಅರ್ಧ ಮಾಡಿ ಕೇಳಬೇಕು ಅನ್ನುವುದು ನನ್ನ ಲೆಕ್ಕ. ಹಾಗಾಗಿ ಒಂದು ಕಾರನ್ನು ನಂಬಿದೆ.

ಆದರೆ ನಿಜಕ್ಕೂ ಇದ್ದದ್ದು ಎರಡು. ಹೆಂಡತಿಯ ಅಜ್ಜ ವ್ಯಾಪಾರಕ್ಕೆ ಮುಂಬೈಗೆ ಹೋಗುತ್ತಿದ್ದರು. ಅಲ್ಲಿ ಊರು ಬಿಟ್ಟು ಹೊರಟಿದ್ದ ಒಬ್ಬ ಫಾರಿನ್ ಸಾಹೇಬನ ಹತ್ತಿರ ಒಂದೇ ತರಹದ ಎರಡು ಕಾರು. ಎರಡೇ ಸೀಟು, ಮೇಲೆ ಟಾಪಿಲ್ಲ. ಒಂದನ್ನು ಮಾರುತ್ತೇನೆ ಅಂದನಂತೆ. ಅಜ್ಜ, ‘ಒಂಟಿ ಎತ್ತು ಕಟಗೊಂಡು ನಾ ಏನ್ ಮಾಡ್ಲಿ?’ ಅಂತ ಜೋಡಿಯನ್ನೇ ಕೊಂಡು ರೈಲಿಗೆ ಹೇರಿಸಿದರು.

ಒಂದನ್ನು ಗುತ್ತಲದ ಕಡೆ ಮಾರಿದರು ಅನ್ನುವುದು ಮನೆಯ ಮಾತು. ಇನ್ನೊಂದು ಗೋದಾಮಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು, ಮೈಮೇಲೆ ಚೀಲಗಳ ಗುಡ್ಡ ಹೊತ್ತು ಕೂತಿದೆ. ಹೊರಗೆ ಕಾಣುವುದು ಮುಂದಿನ ಒಂದು ಮಡಗಾರ್ಡು ಮಾತ್ರ. ಮಾವನವರು ತೀರಿಕೊಂಡ ಮೇಲೆ ವ್ಯಾಪಾರ ನೋಡಿಕೊಳ್ಳುವವನು ನನ್ನ ಹೆಂಡತಿಯ ತಮ್ಮ. ಅವನಿಗೆ ಆ ಜಾಗ ಬೇಕು. ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ಸಂಘವೊಂದಿದೆ. ಇತಿಹಾಸ ಸರಿಯಾಗಿ ಬರೆದುಕೊಟ್ಟರೆ ಕಾರನ್ನು ತಾವೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುತ್ತಾರಂತೆ.

‘ಹೊಸ ಮಾಲು ಬರೂ ತನಕ ಟೈಮ್ ಐತ್ರಿ ಮಾಸ್ತರ,’ ಅಂದ ಅವನು. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಹಾಗೆ. ‘ಹಿಸ್ಟರಿ ಸಿಕ್ಕರ ಹುಬ್ಬಳ್ಳಿಗೆ. ಸಿಗಲಿಲ್ಲಂದ್ರ ಗುಜರಿಗೆ.’

ಮೂಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ನಮ್ಮ ಅತ್ತೆ ತಲೆ ಎತ್ತಿದರು. ಎಂಬತ್ತು ದಾಟಿದೆ. ‘ಗುಜರಿಗೆ ಹಾಕಬ್ಯಾಡೋ. ನಾ ಹೊಡದ ಕಾರ ಅದು.’

ಎಲ್ಲರೂ ನಕ್ಕರು. ಇದು ಆ ಮನೆಯ ಹಳೆಯ ತಮಾಷೆ. ‘ಹೌದವ್ವಾ, ವಿಮಾನಾನೂ ನೀನ ಹೊಡದೀದಿ’ ಅಂದ ಮಗ. ನಾನೂ ನಕ್ಕೆ. ಅತ್ತೆ ಮತ್ತೆ ತೊಟ್ಟು ಬಿಡಿಸತೊಡಗಿದರು.

ಅವತ್ತೇ ಕೆಲಸ ಶುರು ಮಾಡೋಣ ಅಂತ ಬ್ಯಾಟರಿ ಹಿಡಿದು, ಕಾರಿನ ನಂಬರು ನೋಡಲು ಮಡಗಾರ್ಡಿನ ಕೆಳಗೆ ತಲೆ ತೂರಿಸಿದೆ. ಅಷ್ಟು ವರ್ಷದ ಮೆಣಸಿನಕಾಯಿ ಧೂಳು ನನ್ನ ಮೂಗಿಗಾಗಿಯೇ ಕಾದಿತ್ತು. ಹತ್ತು ನಿಮಿಷ ಸೀನಿ ಸೀನಿ ಕಣ್ಣೊರೆಸಿಕೊಂಡು ಹೊರಗೆ ಬಂದರೆ ಹಮಾಲರೆಲ್ಲ ಕೆಲಸ ನಿಲ್ಲಿಸಿ ನಿಂತಿದ್ದರು.

‘ನಂಬರ್ ಎಷ್ಟಂತ?’ ಅಂತ ಹೆಂಡತಿಯ ತಮ್ಮ ಕೂಗಿದ.

‘ಇಪ್ಪತ್ತೆರಡ್ರಿ ಸಾವಕಾರ್ರ,’ ಅಂದ ಒಬ್ಬ ಹಮಾಲ. ‘ಇನ್ನೂ ಒಂದು ಬರೂ ಹಂಗ ಐತಿ.’

೨. ಮೂಲ ಬಣ್ಣ

ಹುಬ್ಬಳ್ಳಿಯ ಸಂಘದವರು ಕಳಿಸಿದ ಫಾರ್ಮಿನ ಮೊದಲ ಪ್ರಶ್ನೆ: ಕಾರಿನ ಮೂಲ ಬಣ್ಣ ಯಾವುದು?

ಕಾಣುವ ಮಡಗಾರ್ಡು ಕೆಂಪು. ಆದರೆ ಮಾವನವರ ತಂಗಿ ‘ಹಳದಿ, ನನ್ನ ಕಣ್ಣಾರೆ ಕಂಡೇನಿ’ ಅಂದರು. ಹಳೆಯ ಗುಮಾಸ್ತರು ನೀಲಿ ಅಂತ ಆಣೆ ಹಾಕಿದರು. ಎದುರು ಅಂಗಡಿಯವರು ಹಸಿರು ಅಂದು, ಉಳಿದಿಬ್ಬರಿಗೂ ಕಣ್ಣು ಕಾಣುವುದಿಲ್ಲ ಅಂತ ಸೇರಿಸಿದರು. ಅತ್ತೆಯನ್ನು ಕೇಳಿದೆ.

‘ಬೆಣ್ಣಿ ಬಣ್ಣ’ ಅಂದರು.

ಅದನ್ನು ಪುಟದ ಕೆಳಗೆ ಸಣ್ಣದಾಗಿ ಬರೆದುಕೊಂಡೆ.

ಆ ಮನೆಯ ದನಕರು ನೋಡಿಕೊಂಡಿದ್ದ ಮುದುಕ ಈಗ ಕದರಮಂಡಲಗಿಯಲ್ಲಿದ್ದಾನೆ ಅಂತ ಗೊತ್ತಾಗಿ ಅಲ್ಲಿಗೆ ಹೋದೆ. ಮೊದಲು ಆ ಊರಿನ ಆಂಜನೇಯನಿಗೆ ಕೈ ಮುಗಿದು, ಆಮೇಲೆ ಮುದುಕನನ್ನು ಗುಡಿಯ ಕಟ್ಟೆಯ ಮೇಲೆ ಹಿಡಿದೆ. ‘ಕಾರಿನ ಬಣ್ಣ ಯಾವುದಿತ್ತು?’

‘ಯಾವ ವರ್ಷದ್ದು ಕೇಳ್ತೀರಿ?’ ಅಂದ.

ಸಂಗತಿ ಇಷ್ಟು. ಪ್ರತಿ ದೀಪಾವಳಿಗೆ ಹೋರಿಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ಡಬ್ಬಿಯಲ್ಲಿ ಉಳಿದ ಬಣ್ಣ ಒಣಗಿ ಹಾಳಾಗಬಾರದಲ್ಲ, ಅದನ್ನು ಕಾರಿಗೆ ಬಳಿಯುತ್ತಿದ್ದರು. ಒಂದು ವರ್ಷ ಹಳದಿ, ಒಂದು ವರ್ಷ ನೀಲಿ. ಚೀಲದ ಗುಡ್ಡ ಬಿದ್ದ ಮೇಲೂ ಕಾಣುವ ಮಡಗಾರ್ಡಿಗೆ ಮಾತ್ರ ತಪ್ಪಿಸಿಲ್ಲ.

‘ಅಲ್ಲೋ ಮಾರಾಯಾ, ಕಾರಿಗೆ ಯಾಕ ಹಚ್ಚಿದ್ರಿ?’

‘ಕೋಡಿಲ್ಲಂತ ಅದನ್ನೊಂದ ಬಿಡಾಕ ಬರತೈತೇನ್ರಿ? ಅದೂ ಮನೀದ ಅಲ್ಲೇನು? ಹಬ್ಬದ ದಿನ ಮಾರಿ ಸಣ್ಣದ ಮಾಡಿಕೊಂಡ ನಿಂತಿರತಿತ್ತು.’

ಬ್ಯಾಡಗಿಗೆ ವಾಪಸು ಬಂದು ಮಡಗಾರ್ಡಿನ ಅಂಚನ್ನು ಚಾಕುವಿನಿಂದ ಕೆರೆದೆ. ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಹಳದಿ, ಮತ್ತೆ ಕೆಂಪು. ಕೆರೆದಷ್ಟೂ ದೀಪಾವಳಿ. ಕೈ ನೋಯುವಷ್ಟು ಕೆರೆದ ಮೇಲೆ ತಳದಲ್ಲಿ ಸಿಕ್ಕಿದ್ದು ಬೆಣ್ಣೆ ಬಣ್ಣ.

‘ಅವ್ವ ಮೊದಲ ಹೇಳಿದ್ಲಲ್ರೀ’ ಅಂದಳು ಹೆಂಡತಿ.

‘ಒಂದು ಖರೇ ಆತಂತ ಎಲ್ಲಾ ಖರೇ ಆಗೂದಿಲ್ಲ’ ಅಂದೆ, ಮಾಸ್ತರಿಕೆಯ ದನಿಯಲ್ಲಿ. ಅವತ್ತು ಊಟಕ್ಕೆ ನನ್ನ ತಾಟಿನಲ್ಲಿ ರೊಟ್ಟಿ ಮಾತ್ರ ಇತ್ತು. ಪಲ್ಯ ಎಲ್ಲಿ ಅಂದರೆ, ‘ಪುರಾವೆ ತಗೊಂಡ ಬರ್ರಿ, ಹಾಕತೇನಿ’ ಅಂದಳು.

೩. ಕರ್ಜಗಿಯ ಕುರ್ಚಿ

ಎರಡನೆಯ ಕಾರನ್ನು ಹುಡುಕಿ ಗುತ್ತಲಕ್ಕೆ ಹೋದೆ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ಒಬ್ಬರು, ‘ಇಟಲಿ ಕಾರಿನ ಸೀಟು ಕರ್ಜಗಿ ಕ್ಷೌರದ ಅಂಗಡ್ಯಾಗ ಐತಿ, ನಾನ ಕುಂತೇನಿ’ ಅಂದರು.

ನಿಜವಾಗಿಯೂ ಇತ್ತು. ಕಟ್ಟಿಗೆಯ ಕಾಲುಗಳ ಮೇಲೆ ಮೊಳೆ ಹೊಡೆದು ಕೂರಿಸಿದ ಚರ್ಮದ ಸೀಟು. ನಾನು ನೋಟ್‌ಬುಕ್ ತೆಗೆದರೆ ಅಂಗಡಿಯವನು, ‘ಹಂಗ ನಿಂತ ಕೇಳಿದ್ರ ಏನ್ ತಿಳೀತೈತ್ರಿ? ಕುಂದ್ರಿ, ದಾಡಿ ಮಾಡಿಸ್ಕೋತ ಕೇಳ್ರಿ’ ಅಂದ. ಕೂತೆ. ಎಷ್ಟೋ ವರ್ಷದ ಬೆನ್ನುನೋವು ಅಲ್ಲೇ ಇಳಿದುಹೋಯಿತು.

ಅವನ ತಂದೆ ಬಾಗಿಲಲ್ಲಿ ಕೂತು ಕತೆ ಹೇಳಿದರು. ‘ಮಾರಿದ್ದಲ್ರಿ ಅದು. ನಮ್ಮೂರ ಹಳ್ಳಕ್ಕ ಇಳದು ಎರಡು ಹೋಳಾತು. ಊರವರು ಕೈಗೆ ಸಿಕ್ಕಿದ್ದ ಒಯ್ದರು, ನಮಗ ಸೀಟು ಬಂತು. ಅವತ್ತ ಯಾರು ಹೊಡೀತಿದ್ರೋ ಯಾರೂ ನೋಡಿಲ್ಲ. ಸಾವಕಾರ್ರಂತೂ ಅಲ್ಲ. ಅವರ ಕೈಯಾಗ ಹಂಗ ಆಗೂದ ಶಕ್ಯ ಇಲ್ಲ.’

‘ಅಷ್ಟು ಚಲೋ ಹೊಡೀತಿದ್ರೇನ್ರಿ ನಮ್ಮ ಮಾವನವರು?’

‘ಚಲೋ ಅಂದ್ರ? ಈ ರಸ್ತೆದಾಗ ಧೂಳ ಎಬ್ಬಿಸ್ಕೋತ ಬರತಿದ್ರು. ನಾವು ನಮಸ್ಕಾರ ಅಂದ್ರ ಎರಡೂ ಕೈ ಎತ್ತಿ ಮುಗೀತಿದ್ರು. ಎರಡೂ ಕೈ ಬಿಟ್ಟು! ಕಾರ್ ಒಂದ ಗೇಣು ಅತ್ತಿತ್ತ ಸರೀತಿದ್ದಿಲ್ಲ. ಅಂಥಾ ಡ್ರೈವರನ್ನ ಇನ್ನ ಕಾಣಂಗಿಲ್ಲ ಬಿಡ್ರಿ.’

ಮಾವನವರ ಮೇಲೆ ನನಗೆ ಅಭಿಮಾನ ಉಕ್ಕಿತು. ಅದೇ ಸುಖದಲ್ಲಿ ಕಣ್ಣು ಮುಚ್ಚಿದೆ. ಆ ಸೀಟಿನಲ್ಲಿ ಕೂತವರು ಯಾರೂ ಎಚ್ಚರ ಇರುವುದಿಲ್ಲವಂತೆ.

ಮನೆಗೆ ಬಂದಾಗ ಹೆಂಡತಿ, ‘ಕಾರ ಸಿಕ್ಕಿತೇನ್ರಿ?’ ಅಂದಳು.

‘ಸೀಟು ಸಿಕ್ಕಿತು.’

ಅವಳು ನನ್ನ ಮುಖವನ್ನೇ ನೋಡಿದಳು. ‘ಮತ್ತ ಮೀಸಿ ಎಲ್ಲಿ ಕೊಟ್ಟ ಬಂದ್ರಿ?’

೪. ರಾಣೆಬೆನ್ನೂರಿನ ಫೋಟೋ

ಕಾರನ್ನು ಮನೆಯವರೇ ಓಡಿಸುತ್ತಿದ್ದರು ಅನ್ನುವುದಕ್ಕೆ ಫೋಟೋ ಬೇಕು ಅಂತ ಫಾರ್ಮು ಕೇಳಿತ್ತು. ಅತ್ತೆ-ಮಾವನ ಮದುವೆಯ ಫೋಟೋ ತೆಗೆದ ಸ್ಟುಡಿಯೋ ರಾಣೆಬೆನ್ನೂರಿನಲ್ಲಿ ಇನ್ನೂ ಇದೆ. ಆಗಿನ ಫೋಟೋಗ್ರಾಫರನ ಮೊಮ್ಮಗ ನಡೆಸುತ್ತಾನೆ. ಹಳೆಯ ಪೆಟ್ಟಿಗೆ ಹುಡುಕಿ, ಕಾರಿನ ಫೋಟೋ ಅಂತ ಒಂದನ್ನು ದೊಡ್ಡದಾಗಿ ತೆಗೆದುಕೊಟ್ಟ.

ಫೋಟೋದಲ್ಲಿ ರುಮಾಲು ಸುತ್ತಿದವರು, ಕೂಸು ಎತ್ತಿಕೊಂಡವರು, ಕಣ್ಣು ಮುಚ್ಚಿದವರು, ಒಟ್ಟು ಮೂವತ್ತು ಜನ ಸಾಲಾಗಿ ನಿಂತಿದ್ದಾರೆ.

‘ಕಾರ್ ಎಲ್ಲೈತ್ರಿ?’ ಅಂದೆ.

‘ಇವರ ಹಿಂದ ಐತ್ರಿ.’

ಸಾಲಿನ ಮೇಲೆ ಎರಡು ತಲೆ ಮಾತ್ರ ಕಾಣುತ್ತಿದ್ದವು. ಕಾರಿನ ಬಲಗಡೆ ಮಾವನವರು, ಟೊಪ್ಪಿಗೆ ಹಾಕಿ ಎದೆ ಸೆಟೆಸಿ ಕೂತಿದ್ದಾರೆ. ಎಡಗಡೆ ತಲೆತುಂಬ ಸೆರಗು ಹೊತ್ತ ಅತ್ತೆ. ನನಗೆ ಇನ್ನೇನು ಬೇಕು? ಬಲಗಡೆ ಕೂತವನೇ ಡ್ರೈವರು. ಕರ್ಜಗಿಯ ಸಾಕ್ಷಿಯೂ ಇದೆ. ‘ಕಾರು ಓಡಿಸುತ್ತಿದ್ದವರು: ನಮ್ಮ ಮಾವನವರು’ ಅಂತ ದುಂಡಗೆ ಬರೆದು, ಬ್ಯಾಡಗಿಗೆ ಹೋಗಿ ಎಲ್ಲರೆದುರು ಓದಿದೆ.

ಅತ್ತೆ ಪೂರ್ತಿ ಕೇಳಿದರು. ‘ಮಾಸ್ತರ, ನೀವು ಭಾಳ ಶಾಣ್ಯಾರದೀರಿ,’ ಅಂದರು. ‘ಮೊದಲು ಚೀಲ ತಗಸ್ರಿ. ಆಮ್ಯಾಲ ಬರೀರಿ.’

೫. ಚೀಲ ತೆಗೆದ ದಿನ

ಹೆಂಡತಿಯ ತಮ್ಮ ಜಾಣ. ಹುಬ್ಬಳ್ಳಿಯ ಸಂಘದವರನ್ನೂ ಗುಜರಿಯವನನ್ನೂ ಒಂದೇ ದಿನ ಕರೆಸಿದ್ದ. ಇವರು ಬೇಡ ಅಂದರೆ ಅವನು ಒಯ್ಯಬೇಕು. ಗುಜರಿಯವನು ಹಗ್ಗ ಹಿಡಿದು, ಇಬ್ಬರು ಆಳುಗಳ ಜೊತೆ ಬಾಗಿಲಲ್ಲೇ ಕೂತಿದ್ದ. ಅತ್ತೆ ಅವತ್ತು ತೊಟ್ಟು ಬಿಡಿಸಲಿಲ್ಲ. ಹೊಸ ಇಲಕಲ್ ಸೀರೆ ಉಟ್ಟು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರು.

ಸಂಘದವರು ನನ್ನ ಬರಹ ಓದಿ ಮೆಚ್ಚಿದರು. ಹಮಾಲರು ಚೀಲಗಳನ್ನು ಒಂದೊಂದಾಗಿ ಇಳಿಸಿದರು, ತಾಡಪತ್ರಿ ಎಳೆದರು. ಸಂಘದವರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಗ್ಗಿ ನೋಡಿ, ನನ್ನ ಫೋಟೋವನ್ನು ಮತ್ತೊಮ್ಮೆ ನೋಡಿದರು.

‘ಸರ, ಇದರಾಗ ಕಾರಿನ ಎಡಕ್ಕ ಕುಂತವರು ಯಾರ್ರಿ?’

‘ನಮ್ಮ ಅತ್ತಿಯವರು.’

‘ಹಂಗಾದ್ರ ಡ್ರೈವರು ಅವರ. ಇಟಲಿ ಕಾರ್ರಿ ಇದು. ಅಲ್ಲಿ ಸ್ಟೇರಿಂಗ್ ಎಡಕ್ಕ ಇರತೈತಿ.’

ನಾವೆಲ್ಲ ಬಗ್ಗಿದೆವು. ಸ್ಟೇರಿಂಗ್ ಎಡಕ್ಕೇ ಇತ್ತು. ಮೂವತ್ತು ವರ್ಷ ಮಕ್ಕಳಿಗೆ ಪುರಾವೆ ನೋಡಿ ಮಾತಾಡಿ ಅಂತ ಪಾಠ ಹೇಳಿದವನು ನಾನು. ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನಿಸಿತು.

‘ಮತ್ತ ಅಪ್ಪ?’ ಅಂದ ಮಗ, ಸಣ್ಣ ದನಿಯಲ್ಲಿ.

‘ನಿಮ್ಮಪ್ಪ ಬಾಜೂಕ ಕುಂದರತಿದ್ರು,’ ಅಂದರು ಅತ್ತೆ. ‘ನಮ್ಮಪ್ಪಂದು ಲಾರಿ ಇದ್ದುವು, ನಾ ಹೊಲದಾಗ ಕಲ್ತಿದ್ದೆ. ಅವರಿಗೆ ಬರತಿದ್ದಿಲ್ಲ. ಎದುರಿಗೆ ಮಂದಿ ಬಂದ್ರ ನಮಸ್ಕಾರ ಮಾಡೂದು ಅವರ ಕೆಲಸ. ಸ್ಟೇರಿಂಗ್ ಹಿಡಿದ ನನ್ನ ಕೈ ಯಾರೂ ನೋಡಲಿಲ್ಲ, ಮುಗಿದ ಅವರ ಕೈ ಎಲ್ಲಾರೂ ನೋಡಿದ್ರು. ಒಂದ ಸಲ ತಾನ ಹೊಡೀತೇನಂತ ಹಟಾ ಮಾಡಿ ಇನ್ನೊಂದ ಕಾರ ತಗೊಂಡ ಹೋದ್ರು.’ ನನ್ನ ಬೋಳು ಮೇಲ್ದುಟಿಯ ಕಡೆ ನೋಡಿದರು. ‘ಅದರ ಸೀಟಿನ ಮ್ಯಾಲ ಮಾಸ್ತರ ಕುಂತ ಬಂದಾರಲ್ಲ.’

ನಾನು ಅಲ್ಲೇ ಮಾವನವರ ಹೆಸರು ಹೊಡೆದು ಅತ್ತೆಯ ಹೆಸರು ಬರೆದೆ. ಸಂಘದವರು ಸಹಿ ಹಾಕಿದರು. ಕಾರು ಉಳಿಯಿತು.

ಹುಬ್ಬಳ್ಳಿಯ ಗಾಡಿ ರಸ್ತೆಯಲ್ಲಿ ನಿಂತಿತ್ತು, ಅಲ್ಲಿಯವರೆಗೆ ಕಾರನ್ನು ದಬ್ಬಬೇಕು. ಅತ್ತೆ ಯಾರನ್ನೂ ಕೇಳದೆ ಎಡಗಡೆ ಹತ್ತಿ ಕೂತು, ಸೆರಗು ಸರಿ ಮಾಡಿಕೊಂಡು ಸ್ಟೇರಿಂಗ್ ಹಿಡಿದರು. ಮಗನ ಕಡೆ ನೋಡಿ, ‘ಬಾ, ಅಪ್ಪನ ಜಾಗಾದಾಗ ಕುಂದ್ರು’ ಅಂದರು. ಅವನು ತೆಪ್ಪಗೆ ಬಲಗಡೆ ಕೂತ. ಹಮಾಲರ ಜೊತೆ ಗುಜರಿಯವನೂ ಹೆಗಲು ಕೊಟ್ಟ.

ಕಾರು ಪೇಟೆಯ ರಸ್ತೆಗೆ ಬಂತು. ಅಂಗಡಿಯವರೆಲ್ಲ ಹೊರಗೆ ಬಂದು ‘ನಮಸ್ಕಾರ್ರಿ ಸಾವಕಾರ್ರ!’ ಅಂತ ಕೂಗಿದರು. ಹೆಂಡತಿಯ ತಮ್ಮ ತನಗರಿವಿಲ್ಲದೆ ಎರಡೂ ಕೈ ಎತ್ತಿ ಮುಗಿದ. ಹಿಂದೆ ದಬ್ಬುತ್ತಿದ್ದ ನನ್ನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ ಒಬ್ಬ ಹಿರಿಯರು ಕಣ್ಣೊರೆಸಿಕೊಂಡರು.

‘ಥೇಟ್ ಅವರಪ್ಪನ ಹಂಗ ಹೊಡೀತಾನ ನೋಡ್ರಿ ಮಾಸ್ತರ,’ ಅಂದರು. ‘ಎರಡೂ ಕೈ ಬಿಟ್ಟು!’