ಕರ್ತೃಪದವಿಲ್ಲದ ಚೀಟಿ

ಲಿಂಗ, ವಚನ, ವಿಭಕ್ತಿಗಳೆಂಬ ದಟ್ಟಡವಿಯಲ್ಲಿ ದೀಪವಿಲ್ಲದೆ ಸಂಚರಿಸಬಲ್ಲವನು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡುವವರಿಗೆ ಪ್ರಾಣಸಂಕಟನು. ಸಂಧಿಯನ್ನು ಬಿಡಿಸುವುದರಲ್ಲಿ ಸಮರ್ಥನು, ಸಂದೇಹವನ್ನು ಬೆಳೆಸುವುದರಲ್ಲಿ ಅದಕ್ಕಿಂತ ಸಮರ್ಥನು. ದೈವಭೀರು, ಮಿತಾಹಾರಿ (ಈ ಒಂದು ವಿಶೇಷಣವನ್ನು ಹೆಂಡತಿ ಒಪ್ಪುವುದಿಲ್ಲ). ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣವನ್ನು ಬೋಧಿಸಿಯೂ ಒಬ್ಬ ವಿದ್ಯಾರ್ಥಿಯ ನಿದ್ರೆಯನ್ನೂ ಕೆಡಿಸದ ದಯಾಳು. ಇಂಥ ಮಹನೀಯನು ಯಾರೆಂದರೆ, ನಾನೇ! ಶಿಷ್ಯರು ದಯಪಾಲಿಸಿದ ಬಿರುದು, ‘ಲೋಪಸಂಧಿ ಮೇಷ್ಟ್ರು’.

ಈ ಲೋಪಸಂಧಿಯು ಕಳೆದ ಸೋಮವಾರ ಬೆಳಗಿನ ಪ್ರಾರ್ಥನೆಯನ್ನು ಮುಗಿಸಿ ಎದ್ದವನೇ ಘೋರ ಪ್ರತಿಜ್ಞೆಯೊಂದನ್ನು ಕೈಗೊಂಡನು: ‘ನನ್ನ ಮನೆಯಲ್ಲಿ ನನ್ನ ವಿರುದ್ಧವೇ ನಡೆಯುತ್ತಿರುವ ಒಳಸಂಚನ್ನು ಶನಿವಾರದೊಳಗೆ ಬಯಲಿಗೆಳೆಯುವೆನು!’

ಕಾರಣ, ಊಟದ ಮೇಜಿನ ಕೆಳಗೆ ಸಿಕ್ಕ ಒಂದು ಚೀಟಿ. ಅಕ್ಷರ ಮಗಳದು. ಒಕ್ಕಣೆ ಹೀಗಿತ್ತು:

‘ಶನಿವಾರ ಹಳೇದನ್ನ ಸಾಗಹಾಕೋದು. ರಾತ್ರಿಯೆಲ್ಲ ಗುರುಗುಟ್ಟುತ್ತೆ. ತಿನ್ನೋದು ಜಾಸ್ತಿ, ಕೆಲಸ ಕಡಿಮೆ. ಗ್ಯಾಸ್ ಮನೇಲೇ ತೆಗೀಬೇಕು, ಹೊರಗೆ ಬಿಟ್ರೆ ಎಲ್ಲರಿಗೂ ಕೇಡು. ಅಮ್ಮ ಒಪ್ಪಿದಾರೆ.’

ಅಮ್ಮ ಒಪ್ಪಿದ್ದು ಸ್ಪಷ್ಟ. ಆದರೆ ಗುರುಗುಟ್ಟುವುದು ಯಾರು? ತಿನ್ನುವುದು ಯಾರು? ಕರ್ತೃಪದವೇ ಇಲ್ಲ! ಕರ್ತೃಪದ ಲೋಪವಾದಲ್ಲಿ ಲಕ್ಷಣಗಳಿಂದ ಊಹಿಸಬೇಕು. ಗೊರಕೆ, ಊಟ, ವಾಯುಬಾಧೆ: ಮೂರೂ ಲಕ್ಷಣಗಳು ಈ ಮನೆಯಲ್ಲಿ ಒಬ್ಬನಲ್ಲಿಯೇ ಸಂಗಮಿಸಿವೆ. ‘ಗುರುಗುಟ್ಟುತ್ತೆ’ ಎಂಬುದು ನಪುಂಸಕಲಿಂಗವಲ್ಲವೇ ಎಂದು ಒಂದು ಕ್ಷಣ ತಡೆದೆನು. ಆದರೆ ಹೆಂಡತಿಗೆ ಕೋಪ ಬಂದಾಗ ಪುಲ್ಲಿಂಗವು ನಪುಂಸಕಲಿಂಗಕ್ಕೆ ಇಳಿಯುವುದುಂಟು, ‘ಅದು ಎದ್ದಿತಾ?’ ಎಂದು ನನ್ನ ಕುರಿತು ಕೇಳಿದ್ದನ್ನು ಈ ಕಿವಿಗಳೇ ಕೇಳಿವೆ. ಸಂದೇಹವೇ ಬೇಡ. ನನ್ನನ್ನು ಯಾವುದೋ ಆಶ್ರಮಕ್ಕೆ ಸಾಗಹಾಕುವ ಹುನ್ನಾರ!

ಮಗಳ ಮೇಲೆ ನನಗೆ ಮೊದಲೇ ಗುಮಾನಿಯಿತ್ತು. ಕಾಲೇಜಿನ ಗೆಳತಿಯರನ್ನು ಕೂಡಿಸಿ ‘ತಂಪು ಪಡೆ’ಯೆಂಬುದನ್ನು ಕಟ್ಟಿದ್ದಳು. ತಿಂಗಳ ಹಿಂದೆ ಓಡಿಬಂದು, “ಅಪ್ಪಾ, ಭೂಮಿ ಕಾಯ್ತಾ ಇದೆ!” ಎಂದಳು. “ಯಾರಿಗೋಸ್ಕರ?” ಎಂದು ಕೇಳಿದೆನು. ಹಣೆ ಚಚ್ಚಿಕೊಂಡು ಹೋದವಳು ಅಂದಿನಿಂದ ತಾಯಿಯೊಡನೆ ಪಿಸುಮಾತಿಗೆ ಇಳಿದಿದ್ದಳು.

ಮಂಗಳವಾರ ಪಡೆಯ ಇನ್ನೊಬ್ಬಳು ಬಂದಳು. ಯಾವುದೋ ಯಂತ್ರವಿದ್ಯೆಯನ್ನು ಕಲಿತವಳಂತೆ. ಗೆಳತಿಯರು ಅವಳನ್ನು ‘ಗ್ಯಾಸಕ್ಕ’ ಎನ್ನುತ್ತಾರಂತೆ. ನಾನು ನನ್ನ ಕೋಣೆಯಲ್ಲಿ ಎಂದಿನಂತೆ ಹಳೆಯ ಫ್ರಿಜ್ಜಿಗೆ ಒರಗಿ ಓದುತ್ತಿದ್ದೆನು. ಅಡುಗೆಮನೆಯಲ್ಲಿ ಜಾಗವಿಲ್ಲದೆ ನನ್ನ ಕೋಣೆಗೆ ಬಂದು, ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ನಿಂತಿರುವ ನನ್ನ ಸಹಪಾಠಿ ಅದು. ಬಾಗಿಲಲ್ಲಿ ನಿಂತು ಗ್ಯಾಸಕ್ಕ ನನ್ನತ್ತಲೇ ದಿಟ್ಟಿಸಿದಳು.

“ಎಷ್ಟು ವರ್ಷ ಆಯ್ತು ಆಂಟಿ?”

“ಮದುವೆ ಆದಾಗಿಂದ. ಇಪ್ಪತ್ತೇಳು,” ಎಂದಳು ಹೆಂಡತಿ.

“ಅಬ್ಬಾ! ಇಷ್ಟು ದಿನ ಇಟ್ಕೊಂಡಿದ್ದೇ ಹೆಚ್ಚು.”

“ಏನ್ಮಾಡೋದಮ್ಮ, ಅಭ್ಯಾಸ ಆಗ್ಬಿಟ್ಟಿದೆ.”

“ಮಧ್ಯಭಾಗ ಅಗಲ. ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೇನೋ.”

“ಓರೆ ಮಾಡಿ ಎತ್ತಿದ್ರೆ ಬರುತ್ತೆ,” ಎಂದಳು ಮಗಳು.

ನಾನು ಉಸಿರನ್ನು ಬಿಗಿಹಿಡಿದು ಮಧ್ಯಭಾಗವನ್ನು ಒಳಕ್ಕೆಳೆದುಕೊಂಡೆನು. ಕೈಯಲ್ಲಿದ್ದ ಪುಸ್ತಕ ತಲೆಕೆಳಗಾಗಿದ್ದುದು ಆಮೇಲೆ ತಿಳಿಯಿತು.

ಬುಧವಾರದಿಂದ ‘ತಿನ್ನೋದು ಜಾಸ್ತಿ’ ಎಂಬ ಆರೋಪವನ್ನು ಸುಳ್ಳಾಗಿಸಲು ಅರೆಹೊಟ್ಟೆ ಉಂಡೆನು.

“ಯಾಕ್ರೀ, ಮೈ ಸರಿ ಇಲ್ವಾ?”

“ಸರಿಯಾಗಿಯೇ ಇದೆ! ಇನ್ನೂ ಬಹಳ ವರ್ಷ ಕೆಲಸಕ್ಕೆ ಬರುತ್ತದೆ!”

“ಹಾಗಾದ್ರೆ ಆ ನೀರಿನ ಬಕೆಟ್ ಎತ್ತಿಡಿ.”

ಎತ್ತಿಟ್ಟೆನು. ಸೊಂಟ ಹಿಡಿಯಿತು. ನನ್ನನ್ನು ಎತ್ತಲು ಅವರಿಗೆ ಇನ್ನಷ್ಟು ಅನುಕೂಲವಾಯಿತು!

ಶನಿವಾರ ಬೆಳಗ್ಗೆ ಮನೆಯ ಮುಂದೆ ವ್ಯಾನ್ ಬಂದು ನಿಂತಿತು. ಬೀದಿಯ ಜನರೂ ಸೇರಿದರು. ನನ್ನ ಮೆರವಣಿಗೆಯನ್ನು ನೋಡಲೆಂದೇ! ನಾನು ಕೋಣೆಯ ಬಾಗಿಲನ್ನು ಹಾಕಿ, ಪುಸ್ತಕಗಳನ್ನು ಕೆಳಗಿಳಿಸಿ, ಫ್ರಿಜ್ಜನ್ನು ಬಾಗಿಲಿಗೆ ಅಡ್ಡಲಾಗಿ ತಳ್ಳತೊಡಗಿದೆನು.

“ಅಪ್ಪಾ, ಬಾಗಿಲು ತೆಗೀರಿ!”

“ತೆಗೆಯಲಾರೆ! ಯಾವ ಆಶ್ರಮವೆಂದು ಮೊದಲು ಹೇಳು!”

“ಯಾವ ಆಶ್ರಮ? ಅದೇನು ಗರಗರ ಸದ್ದು? ಫ್ರಿಜ್ ತಳ್ತಿದೀರಾ?”

“ಹೌದು! ಈ ಮನೆಯಲ್ಲಿ ನನ್ನ ಪರವಾಗಿ ನಿಂತಿರುವುದು ಅದೊಂದೇ!”

“ಅಯ್ಯೋ, ಅಲುಗಾಡಿಸ್ಬೇಡಿ!” ಎಂದು ಹೊರಗೆ ಮೂರು ಗಂಟಲುಗಳು ಒಟ್ಟಿಗೆ ಕೂಗಿದವು. ಮಗಳು ಬಾಗಿಲ ಸಂದಿಗೆ ಬಾಯಿಟ್ಟು ಒದರಿದಳು. “ಅಪ್ಪಾ, ಅದರ ಹಿಂದಿನ ಪೈಪ್ ಒಡೆದ್ರೆ ಗ್ಯಾಸೆಲ್ಲ ಗಾಳಿಗೆ ಹೋಗುತ್ತೆ! ಹೊಗೆಗಿಂತ ಸಾವಿರಾರು ಪಟ್ಟು ಭೂಮೀನ ಕಾಯಿಸೋ ಗ್ಯಾಸ್ ಅದು. ಬೀದಿಯವರೆಲ್ಲ ‘ಮೊದಲು ನಿಮ್ಮಪ್ಪನ ಹಳೇ ಫ್ರಿಜ್ ಹೊರಗೆ ಬರ್ಲಿ, ಆಮೇಲೆ ನಮ್ದು ಕೊಡ್ತೀವಿ’ ಅಂದಿದಾರೆ. ಇದೊಂದು ಕೆಟ್ರೆ ನಮ್ಮ ಕೆಲಸವೆಲ್ಲ ಕೆಟ್ಟಹಾಗೆ!”

ಹಳೇ ಫ್ರಿಜ್! ಆಹಾ, ಕರ್ತೃಪದ! ಚೀಟಿಯಲ್ಲಿ ಅನಾಥವಾಗಿದ್ದ ಕ್ರಿಯಾಪದಗಳೆಲ್ಲ ಓಡಿಬಂದು ಫ್ರಿಜ್ಜಿನ ಕಾಲು ಹಿಡಿದವು. ಗುರುಗುಟ್ಟುವುದು ಅದೇ, ಕರೆಂಟು ತಿನ್ನುವುದೂ ಅದೇ!

ಇಣುಕಿ ನೋಡಿದರೆ, ಹಿಂಬದಿಯ ಪೈಪಿಗೂ ಬಾಗಿಲ ಚಿಲಕಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ!

“ತಬ್ಕೊಂಡು ಎಳೀರಿ ಸಾರ್, ಮೆಲ್ಲಗೆ,” ಎಂದಳು ಗ್ಯಾಸಕ್ಕ ಆಚೆಯಿಂದ. ಸಹಪಾಠಿಯನ್ನು ಅಪ್ಪಿಕೊಂಡು, ದೇವರನ್ನು ನೆನೆಯುತ್ತ, ಹಿಡಿದ ಸೊಂಟದಿಂದಲೇ ಅಂಗುಲ ಅಂಗುಲವಾಗಿ ಹಿಂದಕ್ಕೆ ಎಳೆದೆನು. ಪೈಪ್ ಉಳಿಯಿತು. ಬಾಗಿಲು ತೆರೆಯಿತು.

“ನೋಡು, ಹೇಳಿದ್ರೆ ತಬ್ಕೊಂಡು ನಿಂತ್ಕೋತಾರೆ ಅಂತ್ಲೇ ನಾನು ಹೇಳ್ಬೇಡ ಅಂದಿದ್ದು,” ಎಂದಳು ಹೆಂಡತಿ ಮಗಳಿಗೆ. ಚೀಟಿಯನ್ನು ತೋರಿಸಿ ತಪ್ಪೊಪ್ಪಿಕೊಂಡೆನು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ರೀ, ಫ್ರಿಜ್ಜನ್ನಾದ್ರೆ ಗುಜರಿಯವರು ತಗೋತಾರೆ. ನಿಮ್ಮನ್ನ ಯಾರು ತಗೋತಾರೆ?”

ಗ್ಯಾಸಕ್ಕ ಅದರ ಗ್ಯಾಸನ್ನೆಲ್ಲ ಜೋಪಾನವಾಗಿ ಸಿಲಿಂಡರಿಗೆ ಇಳಿಸಿಕೊಂಡಳು. ಮಗಳು ಅಂಟು ಬಳಿದು ಫ್ರಿಜ್ಜಿಗೊಂದು ಚೀಟಿಯನ್ನು ಹಚ್ಚಿದಳು. ನಾನು ಸಹಪಾಠಿಯನ್ನು ಕೊನೆಯ ಬಾರಿ ಅಪ್ಪಿಕೊಂಡು, ನೇರವಾಗಿ ಬೀದಿಗಿಳಿದು, ಕಂಠವನ್ನು ಸರಿಪಡಿಸಿಕೊಂಡೆನು.

“ಮಹನೀಯರೇ! ಈ ತ್ಯಾಗದಲ್ಲಿ ನಾನೇ ಮೊದಲಿಗ! ಈ ಮಕ್ಕಳ ಯೋಜನೆಯ ಒಂದೊಂದು ಅಕ್ಷರವನ್ನೂ ನಾನು ಸೋಮವಾರವೇ ಓದಿ ಅರ್ಥೈಸಿಕೊಂಡಿದ್ದೆನು!”

ಬೀದಿಗೆ ಬೀದಿಯೇ ಘೊಳ್ಳೆಂದು ನಕ್ಕಿತು. ಎದುರು ಮನೆಯ ದರ್ಜಿ ನನ್ನ ಎದೆಯತ್ತ ಬೆರಳು ತೋರಿಸಿದನು. ಬಗ್ಗಿ ನೋಡಿಕೊಂಡೆನು. ಫ್ರಿಜ್ಜಿನ ಚೀಟಿ ನನ್ನ ಅಂಗಿಗೆ ಅಂಟಿತ್ತು: ‘ಹಳೆಯದು. ಗ್ಯಾಸ್ ಪೂರ್ತಿ ತೆಗೆಯಲಾಗಿದೆ.’

“ಕರ್ತೃಪದ ಇಲ್ದಿದ್ರೂ ಈ ಸಲ ಅರ್ಥ ಸರಿಯಾಗೇ ಇದೆ, ರೀ,” ಎಂದಳು ಹೆಂಡತಿ.

ನಗುತ್ತಲೇ ದರ್ಜಿ ತನ್ನ ಮನೆಯ ಹಳೆಯ ಫ್ರಿಜ್ಜನ್ನು ಹೊರಗೆ ತಂದನು. ಅವನ ಹಿಂದೆ ಇನ್ನೊಂದು ಮನೆ, ಮತ್ತೊಂದು ಮನೆ. ಮಗಳ ಕಣ್ಣು ತುಂಬಿತು. ಎದೆಯ ಮೇಲಿನ ಚೀಟಿಯನ್ನು ಕೀಳದೆಯೇ ಅವಳ ತಲೆಯ ಮೇಲೆ ಕೈಯಿಟ್ಟೆನು.

ಕಾಯುತ್ತಿರುವ ಭೂಮಿಯನ್ನು ಕಾಯಲು ಹೊರಟವಳೇ, ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಪಡೆಯವರ ಮನೆಗಳು ತಣ್ಣಗಿರಲಿ. ಫ್ರಿಜ್ಜಿಲ್ಲದ ಈ ನಮ್ಮ ಮನೆಯೂ, ಇದರೊಳಗೆ ಗುರುಗುಟ್ಟುತ್ತ ಉಳಿದಿರುವ ಹಳೆಯದೂ, ನಿನ್ನ ನೆರಳಿನಲ್ಲಿ ಬಹುಕಾಲ ತಣ್ಣಗಿರಲಿ.