ಕೊಂಬಿನ ಹುಳದ ಫೋಟೋ

ವಯಸ್ಸಾದಂತೆ ಕಣ್ಣು ಮಂಜಾಗುವುದೂ ಸಣ್ಣ ಸಣ್ಣ ವಸ್ತುಗಳ ಮೇಲೆ ಆಸೆ ಹುಟ್ಟುವುದೂ ಒಟ್ಟಿಗೇ ಯಾಕೆ ಆಗುತ್ತವೋ, ನನಗಂತೂ ತಿಳಿದಿಲ್ಲ. ಸೂಜಿಗೆ ದಾರ ಪೋಣಿಸಲು ನೆರೆಮನೆಯವರನ್ನು ಕೂಗುವ ನಾನು, ಸಾಸಿವೆಗಿಂತ ಸಣ್ಣ ಹುಳಗಳ ಫೋಟೋ ತೆಗೆಯುವ ಹುಚ್ಚಿಗೆ ಬಿದ್ದಿದ್ದೇನೆ. ಶಿಗ್ಗಾವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೊಂಡು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ಚಲೋ ಬೆಳಕು ಬರುವುದು ಅಲ್ಲಿ ಮಾತ್ರ. ಮರಕ್ಕೆ ಕಿವಿಯಂತೆ ಅಂಟಿ ಬೆಳೆಯುವ ಗಟ್ಟಿ ಅಣಬೆಯನ್ನು ಒಡೆದರೆ ಒಳಗೆ ಈ ಹುಳಗಳ ದೊಡ್ಡ ಸಂಸಾರವೇ ಇರುತ್ತದೆ. "ಮಂದಿ ರವಾದಾಗಿನ ಹುಳಾ ಆರಿಸಿ ಹೊರಗ ಒಗೀತಾರ. ನೀವು ಹೊರಗಿನ ಹುಳಾ ಆರಿಸಿ ಅಡಗಿಮನಿಗೆ ತರ್ತೀರಿ" ಎಂಬುದು ಹೆಂಡತಿ ಶಾಂತಾಳ ಫಿರ್ಯಾದು.

ಸವಣೂರಿನಲ್ಲಿ ಖಾರದ ತಿಂಡಿಯ ಅಂಗಡಿ ಇಟ್ಟಿರುವ ಮಕ್ತುಂಸಾಬರು ನನ್ನ ಹಳೆಯ ಗೆಳೆಯರು. ಅವರ ಹಿತ್ತಲಿನ ಮಾವಿನ ಕೊರಡಿನ ಅಣಬೆಯಲ್ಲಿ ತಲೆಯ ಮೇಲೆ ಎರಡು ಕೊಂಬಿದ್ದ ಹುಳವೊಂದು ಸಿಕ್ಕಿತು. ಡಬ್ಬಿಯಲ್ಲಿ ಹಾಕಿಕೊಂಡೆ. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಚಹಾ ಕುಡಿಯುತ್ತ ಅವರಿಗೆ ಹೇಳಿಬಿಟ್ಟೆ. ಸಂಜೆಯೊಳಗೆ ಸುದ್ದಿ ಸವಣೂರಿನ ಪೇಟೆಯನ್ನೆಲ್ಲ ಸುತ್ತಿ ಅವರದೇ ಫೋನಿನಲ್ಲಿ ನನಗೇ ವಾಪಸು ಬಂತು. "ಸರ, ಶುಕ್ರವಾರ ನಮಾಜ್ ಮುಗಿಸಿ ಮಂದಿ ಕರಕೊಂಡು ಬರ್ತೇನಿ. ಕೊಂಬು ತೋರಿಸಬೇಕು ನೋಡ್ರಿ. ಇಲ್ಲಂದ್ರ ಪ್ಯಾಟ್ಯಾಗ ನನ್ನ ಮರ್ಯಾದಿ ಹೋಕ್ಕೈತಿ."

ಹುಳಕ್ಕೆ ಯಾರ ಮರ್ಯಾದೆಯ ಚಿಂತೆ? ನಾನು ಸೂಕ್ಷ್ಮದರ್ಶಕಕ್ಕೆ ಮೊಬೈಲು ಹಿಡಿದು ತಲೆಗೆ ಗುರಿ ಇಡುವಷ್ಟರಲ್ಲಿ ಅದು ಬೆನ್ನು ತಿರುಗಿಸುತ್ತಿತ್ತು. ನನ್ನ ಮೊಬೈಲಿನ ತುಂಬ ಅದರ ಹಿಂಭಾಗದ್ದೇ ಚಿತ್ರ. "ಮುಖಾ ತೋರಿಸಾಕ ಅದಕ್ಕೂ ನಾಚಿಕಿ ಬಂದೈತಿ" ಎಂದಳು ಶಾಂತಾ. ಸ್ಪಿರಿಟಿನಲ್ಲಿ ಅದ್ದಿ ಕೊಲ್ಲಲು ಮನಸ್ಸಾಗಲಿಲ್ಲ. ಶುಕ್ರವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಕೂತಾಗ, ಮಧ್ಯಾಹ್ನ ಉಪಾಯವೊಂದು ಹೊಳೆಯಿತು. ಚಪಾತಿಗೆ ಹಚ್ಚಿಕೊಳ್ಳುವ ಜೋನಿಬೆಲ್ಲವನ್ನು ಗಾಜಿಗೆ ಒಂದಿಷ್ಟು ಸವರಿ ಹುಳವನ್ನು ಅದರ ಮೇಲೆ ಕೂಡಿಸಿದೆ. ಅಂಟಿಕೊಂಡಿತು. ಎರಡೂ ಕೊಂಬು ನಿಚ್ಚಳವಾಗಿ ಕಂಡವು. ಮೊಬೈಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮೋಟರ್‌ಸೈಕಲ್ ನಿಂತಿತು. "ಬರ್ರಿ, ಬರ್ರಿ" ಎಂದು ಕರೆದು, ಎಲ್ಲರಿಗೂ ನೀರು ಕೊಟ್ಟು ಒಳಗೆ ಬಂದು ನೋಡುತ್ತೇನೆ: ಕೊಂಬಿನ ಹುಳವನ್ನು ಹೊತ್ತುಕೊಂಡು ಇರುವೆಯೊಂದು ಕಿಟಕಿಯ ಸಂದಿಯಲ್ಲಿ ಮಾಯವಾಗುತ್ತಿತ್ತು. ಇನ್ನೊಂದು ಇರುವೆ ಬೆಲ್ಲದಲ್ಲಿ ಸಿಕ್ಕಿಬಿದ್ದು ಮಸೂರದ ನೇರ ಕೆಳಗೆ ಒದ್ದಾಡುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮಕ್ತುಂಸಾಬರು ಬಗ್ಗಿ ಕಣ್ಣಿಟ್ಟಾಗಿತ್ತು.

"ಯಾ ಅಲ್ಲಾ! ಎಂಥಾ ಕೊಂಬ್ರೀ!"

"ಸಾಬ್ರ, ಅದು ಇರುವಿ ಐತ್ರಿ. ಅವು ಅದರ ಮೀಸಿ."

ಅವರು ಜೊತೆಯವರ ಕಡೆ ತಿರುಗಿದರು. "ಕೇಳಿದ್ರೇನು? ಇಷ್ಟು ದೊಡ್ಡ ಕೆಲಸಾ ಮಾಡಿ ಸರ ಹೆಂಗ ಸಣ್ಣ ಮಾಡಿ ಹೇಳ್ತಾರ! ಇರುವಿ ನಾ ನೋಡಿಲ್ಲೇನ್ರಿ? ದಿನಾ ಅಂಗಡ್ಯಾಗ ಝಾಡಿಸ್ತೇನಿ."

ಬಾಗಿಲಿಗೆ ಒರಗಿದ್ದ ಶಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರ ಒತ್ತಾಯಕ್ಕೆ ಫೋಟೋ ತೆಗೆದೆ. ನನ್ನ ಕೈಯಿಂದ ಅಷ್ಟು ಸ್ಪಷ್ಟ ಚಿತ್ರ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ.

ಈಗ ಅದು ಸವಣೂರಿನ ಅಂಗಡಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದೆ: "ನಮ್ಮ ಮಾವಿನ ಕೊರಡಿನ ಕೊಂಬಿನ ಹುಳ." ಕೆಳಗೆ ಡಿಗ್ರಿಗಳ ಸಮೇತ ನನ್ನ ಹೆಸರು. ಅದು ಇರುವೆ ಎಂದು ನಾನು ಹೇಳಿದಷ್ಟೂ ನನ್ನ ವಿನಯದ ಕೀರ್ತಿ ಬೆಳೆಯುತ್ತ ಹೋದದ್ದರಿಂದ, ಹೇಳುವುದನ್ನೇ ಬಿಟ್ಟೆ. ಮೊನ್ನೆ ಹೋದಾಗ ಚೌಕಟ್ಟಿನ ಗಾಜಿನ ಮೇಲೆ ಇರುವೆಯೊಂದು ಹರಿದಾಡುತ್ತಿತ್ತು. ಮಕ್ತುಂಸಾಬರು ವಸ್ತ್ರದಿಂದ ಅದನ್ನು ಝಾಡಿಸಿದರು. "ಇರುವಿ ಕಾಟ ಭಾಳ ಆಗೇತ್ರಿ ಸರ. ಆದ್ರ ನಿಮ್ಮ ಹುಳದ ಮ್ಯಾಲ ಮಾತ್ರ ಒಂದೂ ಹತ್ತಗೊಡಂಗಿಲ್ಲ ನಾ."

ಕೆಳಗೆ ಬಿದ್ದ ಇರುವೆ ಎದ್ದು, ಫೋಟೋದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿತು. ಅಂದು ನಾನು ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಆದರೂ ಅದು ನಕ್ಕದ್ದು ನಿಚ್ಚಳವಾಗಿ ಕಂಡಿತು.